ಅವ್ವ ಕರೆದ ಹಶರ್

"ಇಳೀಲಾ ಸೂಳೆಮಗ್ನೆ! ಗುಂಡಿ ನೋಡಿ ಉಚ್ಚೆ ಹುಯ್ಕೊಂಡ್ಯಾ?"

ನಮ್ಮೂರ ದಣಿ ಸತ್ತೋರ್ ರೈಸ್ ನನ್ನ ತಮ್ಮ ಖುರ್ಸಂದನ ಬೆನ್ನಿಗೆ ಬೂಟುಗಾಲು ಒತ್ತಿ ಬೈದ. ಆ ಗುಂಡಿ ಅವನ ಹೊಸ ಹಳ್ಳಿಮನೆಗೆ ಬರುವ ಅತಿಥಿಗಳು ಈಜುವ ಕೊಳ ಆಗಬೇಕಿತ್ತು. ಎರಡಾಳು ಆಳ. ಹಿಮ ಕರಗಿದ ನೀರು ಇಳಿದು ದಂಡೆಯ ಮಣ್ಣು ಕಲಸಿದ ಹಿಟ್ಟಾಗಿತ್ತು. ಅದರ ನೆತ್ತಿಯ ಮೇಲೆ ಕತ್ತೆಯಷ್ಟು ದೊಡ್ಡ ಬಂಡೆ ಕೂತಿತ್ತು.

"ರೈಸಣ್ಣ, ದಂಡೆ ಬಾಯ್ಬಿಟ್ಟದೆ. ಎಲ್ಡು ದಿನ ಒಣಗ್ಲಿ" ಎಂದ ಖುರ್ಸಂದ್.

"ನಿಮ್ಮಪ್ಪನ ಕೊಳ ಅಂದ್ಕೊಂಡ್ಯೇನ್ಲಾ, ಒಣಗಿಸೋಕೆ? ಮುಂದಿನ ತಿಂಗ್ಳು ಜನ ಬತ್ತಾರೆ ನಂಗೆ."

ಒದ್ದ. ತಮ್ಮ ಹಾರೆಯ ಸಮೇತ ಒಳಗೆ ಬಿದ್ದ. ಎದ್ದು ನಿಂತು ಅಂಗಿ ಕೊಡವಿಕೊಂಡ, ನನ್ನನ್ನು ನೋಡಿ ನಕ್ಕ ಕೂಡ. ಅಷ್ಟರಲ್ಲಿ ದಂಡೆ ಕುಸಿಯಿತು. ಬಂಡೆಯೂ ಅದರ ಜೊತೆಗೇ ಬಂತು.

ನಾವು ಉಗುರು ಕಿತ್ತುಹೋಗುವಂತೆ ಮಣ್ಣು ಬಗೆದೆವು. ಮೊದಲು ಸಿಕ್ಕಿದ್ದು ಹಾರೆಯ ತುದಿ. ಅದರ ಪಕ್ಕದಲ್ಲಿ ಅವನ ಕೈ. ಬೆರಳು ಇನ್ನೂ ಆಡುತ್ತಿದ್ದವು.

ಮೇಲಿಂದ ರೈಸ್ ಕೂಗಿದ. "ಮೊದ್ಲು ಆ ಹಾರೆ ತೆಗೀರ್ಲಾ, ಮುರ್ದೋದಾತು!"

ಮಣ್ಣು ಹೊರುವ ಹಲಗೆಯ ಮೇಲೆಯೇ ತಮ್ಮನನ್ನು ಮನೆಗೆ ತಂದೆವು. ಮುಖ ಇರಬೇಕಾದಲ್ಲಿ ಅವ್ವ ತನ್ನ ತಲೆವಸ್ತ್ರ ಹಾಸಿದಳು.

ರೈಸ್ ಎನ್ನುವುದು ಅವನ ಹೆಸರಲ್ಲ. ಸೋವಿಯತ್ ಕಾಲದಲ್ಲಿ ಅವನಪ್ಪ ನಮ್ಮ ಸಾಮೂಹಿಕ ಬೇಸಾಯದ ಅಧ್ಯಕ್ಷ, ಅಂದರೆ ರೈಸ್ ಆಗಿದ್ದ. ಅಧ್ಯಕ್ಷಗಿರಿ ಹೋಯಿತು, ದರ್ಪ ಮಗನಿಗೆ ಬಂತು. ಹೊಳೆದಂಡೆಯ ಹೊಲವೂ ಅವನಿಗೇ ಬಂತು, ಹೇಗೆ ಬಂತೆಂದು ಕೇಳಿದವರಿಲ್ಲ. ಮೂವತ್ತು ವರ್ಷ ಅಲ್ಲಿ ಕಲ್ಲು, ಮುಳ್ಳು, ಹಾವು ಬಿಟ್ಟರೆ ಏನೂ ಇರಲಿಲ್ಲ. ಅಲ್ಲಿ ರಾಜಧಾನಿ ದುಶಾಂಬೆಯ ಸಾಹುಕಾರರಿಗೆ, ಪರದೇಶದವರಿಗೆ ಹಳ್ಳಿಮನೆ ಕಟ್ಟುತ್ತೇನೆಂದು ಅವನು ಊರನ್ನು ಹಶರ್‌ಗೆ ಕರೆದ. ಹಶರ್ ಅಂದರೆ ಕರೆದವನ ಮನೆಗೆ ಊರೆಲ್ಲ ಹೋಗಿ ದುಡಿಯಬೇಕು. ಕೂಲಿ ಇಲ್ಲ, ಒಂದು ಹೊತ್ತು ಪಲಾವ್. ಒಲ್ಲೆ ಅನ್ನುವ ಹಾಗಿಲ್ಲ, ಅಂದರೆ ನಾಳೆ ನಿನ್ನ ಗೋಡೆ ಬಿದ್ದಾಗ ಯಾರೂ ಬರುವುದಿಲ್ಲ. ನಾವು ಒಂದು ದಿನಕ್ಕೆಂದು ಹೋದವರು ಎರಡು ಚಳಿಗಾಲ ಅವನ ಕಲ್ಲು ಆರಿಸಿ ಬೇಲಿಯಾಚೆ ಗುಡ್ಡೆ ಹಾಕಿದೆವು. ಎಂಥ ದಡ್ಡರು ನಾವು!

ಮಣ್ಣಿಗೆ ಅವನು ಬರಲಿಲ್ಲ. ಮುಲ್ಲಾ ಬಂದ. "ಹಶರ್‌ನಾಗೆ ಸತ್ತೋನು ಪುಣ್ಯವಂತ ಕಣಮ್ಮ, ಅಳಬಾರ್ದು" ಎಂದು ಹೇಳಿ, ರೈಸ್ ಕಳಿಸಿದ ಕುರಿಯ ತೊಡೆಮಾಂಸ ಅವನೇ ತಿಂದು ಹೋದ.

ಅವ್ವನಿಗೆ ಬೇಕಾಗಿದ್ದು ಒಂದೇ. ರೈಸ್ ಗೋರಿಯ ಹತ್ತಿರ ನಿಂತು, ನಾನೇ ಇಳಿಸಿದೆ, ನನ್ನ ಕೆಲಸದಲ್ಲಿ ಸತ್ತ ಎಂದು ಊರಿನ ಮುಂದೆ ಹೇಳಬೇಕು. ನಲವತ್ತನೇ ದಿನ ಅದನ್ನು ಕೇಳಲು ಅವ್ವನೂ ನಾನೂ ಹೋದೆವು. ಕೊಳದಲ್ಲಿ ನೀಲಿ ನೀರು ತುಂಬಿತ್ತು. ಇಬ್ಬರು ಬಿಳಿ ಹೆಂಗಸರು ಕಾಲು ಇಳಿಬಿಟ್ಟು ಕೂತಿದ್ದರು.

"ನನ್ ಮಗ ಸತ್ತಿದ್ದು ಇಲ್ಲೇ ಕಣಪ್ಪ. ಬಂದು ಒಂದ್ಮಾತು ಹೇಳು."

"ಯಾರೇ ಕರ್ದಿದ್ದು ನಿನ್ ಮಗನ್ನ? ಹಶರ್‌ಗೆ ತಾನೇ ಬಂದ, ತಾನೇ ಸತ್ತ. ಅವನೇನು ನನ್ ಆಳಾ?"

ಆ ಹೆಂಗಸರಲ್ಲೊಬ್ಬಳು ಅವ್ವನ ಕಡೆ ಫೋನು ಎತ್ತಿದಳು. ರೈಸ್ ಅವ್ವನ ಕೈಗೆ ಒಂದು ನಾನ್ ರೊಟ್ಟಿ ತುರುಕಿ, ಗಲ್ಲ ಹಿಡಿದು ಮುಖ ಎತ್ತಿದ. "ನಗೇ ಮುದ್ಕಿ. ಪಟ ಹಿಡೀತಾವ್ರೆ."

ನಾನು ಮುನ್ನುಗ್ಗಿದೆ. ಅವನ ಮೇಸ್ತ್ರಿ ಗಫ್ಫೋರ್ ಸಲಿಕೆಯ ಹಿಡಿಯಿಂದ ನನ್ನ ಬಾಯಿಗೆ ಬಾರಿಸಿದ. ಎರಡು ಹಲ್ಲು ಉಗುಳಿದೆ. ಅವ್ವ ಮಾತ್ರ ರೊಟ್ಟಿಯನ್ನು ಕಣ್ಣಿಗೊತ್ತಿಕೊಂಡು, ಯಾರೂ ತುಳಿಯದಂತೆ ಗೋಡೆಯ ಮೇಲಿಟ್ಟಳು.

"ನಾಳೆ ನಮ್ಮನೇಲಿ ಹಶರ್" ಎಂದಳು. "ನೀನೂ ಬಾ."

ರೈಸ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಏನ್ ಕಟ್ತೀಯೇ, ಅರಮನೇನಾ?"

"ಬಂದ್ರೆ ಗೊತ್ತಾಯ್ತದೆ."

ಅವ್ವ ಮನೆಮನೆಯ ಬಾಗಿಲು ಬಡಿದಳು. ಬೆಳಿಗ್ಗೆ ಅಂಗಳದಲ್ಲಿ ಅರವತ್ತು ಜನ ಸೇರಿದ್ದರು. ಅವ್ವ ನಮ್ಮ ಒಂದೇ ಕುರಿಯನ್ನು ಕೊಯ್ಯಿಸಿ ಪಲಾವ್ ಮಾಡಿ ಎಲ್ಲರಿಗೂ ಬಡಿಸಿದಳು. ಆಮೇಲೆ ನಮ್ಮನ್ನು ಹೊಳೆದಂಡೆಯ ಕಲ್ಲಿನ ಗುಡ್ಡೆಗೆ ಕರೆದುಕೊಂಡು ಹೋದಳು.

"ಇವು ಆ ಹೊಲದ ಕಲ್ಲು. ನನ್ ಮಗ ತೆಗ್ದಿದ್ದು, ನೀವು ತೆಗ್ದಿದ್ದು. ಎಲ್ಲಿದ್ವೋ ಅಲ್ಲೇ ಹಾಕ್ರಪ್ಪ."

ಮೊದಲು ಅವ್ವನೇ ಒಂದು ಕಲ್ಲನ್ನು ಮಡಿಲಿಗೆ ಎತ್ತಿಕೊಂಡಳು. ಆಮೇಲೆ ನಾನು. ಆಮೇಲೆ ಊರು.

ಬೇಲಿ ಮುರಿದು ಸಾಲು ನಿಂತೆವು. ಕೈಯಿಂದ ಕೈಗೆ ಬಂದ ಕಲ್ಲು ಹುಲ್ಲುಹಾಸಿನ ಮೇಲೆ, ಗುಲಾಬಿ ಪಾತಿಯ ಮೇಲೆ, ಕೊಳದೊಳಗೆ ಬಿದ್ದವು. ಅತಿಥಿಗಳು ಚೀರುತ್ತಾ ಕಾರಿಗೆ ಓಡಿದರು. ಗಫ್ಫೋರನ ಆಳುಗಳು ದೊಣ್ಣೆ ಹಿಡಿದು ಬಂದು ಸಿಕ್ಕಸಿಕ್ಕವರಿಗೆ ಬಡಿದರು. ಪಕ್ಕದ ಮನೆಯ ನಸೀಬಾ ಚಿಕ್ಕಮ್ಮನ ಹಣೆ ಒಡೆಯಿತು. ಅವಳು ಕಣ್ಣಿಗಿಳಿದ ರಕ್ತ ಒರೆಸಿಕೊಂಡು, "ತಗಳೋ" ಎಂದು ನನಗೆ ಕಲ್ಲು ದಾಟಿಸಿದಳು. ಯಾರೋ ಗಫ್ಫೋರನ ಮೊಣಕೈ ಮೇಲೆ ಕಲ್ಲು ಎತ್ತಿಹಾಕಿದರು. ಮೂಳೆ ಮುರಿದದ್ದು ಕೇಳಿಸಿತು. ನನಗೆ ಹಿತವಾಯಿತು, ಸುಳ್ಳು ಹೇಳುವುದಿಲ್ಲ.

ರೈಸ್ ಅದೇ ಹಾರೆ ಹಿಡಿದು ಓಡಿ ಬಂದ. "ಹಾದರಗಿತ್ತಿ!" ಎಂದು ಅವ್ವನ ಭುಜಕ್ಕೆ ಹೊಡೆದ. ಅವ್ವ ಕುಸಿದಳು. ಅವನು ಎರಡನೇ ಸಲ ಹಾರೆ ಎತ್ತಿದಾಗ ನಾನು ಅವನ ಬೆನ್ನಿಗೆ ಒದ್ದೆ.

ರೈಸ್ ಹಾರೆಯ ಸಮೇತ ಕೊಳಕ್ಕೆ ಬಿದ್ದ. ಅಂಚಿನಲ್ಲಿ ಪೇರಿದ್ದ ಕಲ್ಲುಗಳು ಅವನ ಹಿಂದೆಯೇ ಉರುಳಿ ಸೊಂಟದವರೆಗೆ ಮುಚ್ಚಿದವು. ಮೊದಲೇ ಬಿದ್ದಿದ್ದ ಕಲ್ಲಿನ ರಾಶಿಯ ಮೇಲೆ ನಿಂತಿದ್ದರಿಂದ ನೀರು ಅವನ ಗದ್ದಕ್ಕಿತ್ತು. ಒಂದು ಕೈಯಲ್ಲಿ ಹಾರೆ, ಇನ್ನೊಂದು ಕೈ ಮೇಲಕ್ಕೆ ಚಾಚಿತ್ತು. ಬೆರಳು ಆಡುತ್ತಿದ್ದವು.

"ಹಿಡೀರ್ರಪ್ಪೋ! ಎಳೀರ್ರೋ ಯಾರಾದ್ರೂ!"

ಅವ್ವ ಮುರಿದ ಭುಜ ಹಿಡಿದುಕೊಂಡು ತೆವಳುತ್ತಾ ಅಂಚಿಗೆ ಬಂದಳು. ಬಗ್ಗಿ ನೋಡಿದಳು.

"ಮೊದ್ಲು ಆ ಹಾರೆ ತೆಗೀರ್ಲಾ," ಎಂದಳು, "ಮುರ್ದೋದಾತು."

ಕೈಯಿಂದ ಕೈಗೆ ಕಲ್ಲು ಬರುವುದು ನಿಂತಿರಲಿಲ್ಲ. ನಸೀಬಾ ಚಿಕ್ಕಮ್ಮ ಮುಂದಿನ ಕಲ್ಲನ್ನು ನನ್ನ ಕೈಗೆ ಕೊಟ್ಟಳು.