ನಲವತ್ತೆರಡನೆಯ ಪುಟ

ಕಿವಿಯ ಹಿಂದೆ ಮೆಷಿನ್ನಿನ ತಣ್ಣನೆಯ ಹಲ್ಲು, ಗುಂಯ್ ಅಂತ ಒಂದು ದುಂಬಿ ಮೇಲೆ ಹತ್ತುತ್ತಿದೆ, ಮೈಮೇಲೆ ಹೊದಿಸಿದ ಬಟ್ಟೆಗೆ ಕೂದಲು ಉದುರುತ್ತಿದೆ, ನರೆತದ್ದೇ ಹೆಚ್ಚು, ಅರವತ್ತೊಂದಕ್ಕೆ ಇನ್ನೇನು — ಅಲ್ಲಾಡಬೇಡ ಡೀಕನ್, ಕಿವಿ ಹೋದ್ರೆ ನನ್ನ ಕೇಳ್ಬೇಡ, ಈ ಕ್ಷೌರದ ಕ್ಲೀಟಸ್ ಯಾವಾಗಲೂ ಹೀಗೆಯೇ, ಚರ್ಚಿನಲ್ಲಿ ನಾನು ಡೀಕನ್, ಪಾದ್ರಿಯ ನಂತರದ ಹಿರಿಯ, ಜನ ನನಗೆ ಎದ್ದು ಜಾಗ ಬಿಡುತ್ತಾರೆ, ಇವನ ಕುರ್ಚಿಯಲ್ಲಿ ಮಾತ್ರ ನಾನು ಬರೀ ಒಂದು ತಲೆ. ಕಿವಿಯ ಸುತ್ತ ಪುಕ್ಕಟೆ, ಆಮೇಲಿನದಕ್ಕೆ ತಲೆಗೊಂದು ಪುಟ ಗಟ್ಟಿಯಾಗಿ ಓದಬೇಕು, ಶನಿವಾರ ಬೆಳಿಗ್ಗೆ ಈ ಅಂಗಡಿಯ ಕಾನೂನು ಅದು, ಓದು ನಡೆಯುವ ತನಕ ಮೆಷಿನ್ ನಡೆಯುತ್ತದೆ, ಓದು ನಿಂತರೆ ಅದೂ ನಿಂತಿತು, ಅರ್ಧ ತಲೆ ಹೊತ್ತುಕೊಂಡು ಮೆಂಫಿಸ್ ಬೀದಿಯಲ್ಲಿ ನಡೆ. ಕಪ್ಪು ಗಂಡಸು ಹೇಗೆ ಬೆಳೆದ, ಎಲ್ಲಿ ಎಡವಿದ, ಹೇಗೆ ಎದ್ದ ಅಂತ ಬರೆದಿರೋ ಪುಸ್ತಕ ಬಿಟ್ರೆ ಬೇರೆ ಯಾವುದೂ ಈ ಹೊಸ್ತಿಲು ದಾಟಲ್ಲ, ಅಂದಿದ್ದ ಕ್ಲೀಟಸ್. ಮೂರು ವರ್ಷ ಈ ಶನಿವಾರಗಳನ್ನು ತಪ್ಪಿಸಿಕೊಂಡೆ, ಬುಧವಾರ ಬಂದು ತಲೆ ಕೊಟ್ಟು ಹೋದೆ. ಇವತ್ತು ಬಂದದ್ದು ಲಮಾರ್‌ಗಾಗಿ. ಅಗೋ ಕಿಟಕಿಯ ಬಳಿ ಕೂತಿದ್ದಾನೆ ನನ್ನ ಮಗ, ತೊಡೆಯ ಮೇಲೆ ಪುಸ್ತಕ, ಶಾಲೆಯ ಮೇಷ್ಟ್ರು, ಅವನ ಹೆಂಡತಿಗೆ ಈಗ ಏಳು ತಿಂಗಳು. ಈಸ್ಟರ್ ದಿನ ಊಟಕ್ಕೆ ಕೂತಾಗ ಅಂದುಬಿಟ್ಟ, ಅಪ್ಪ, ನನ್ನ ಕೂಸಿನ ಕೈಯಿಂದ ಮಾತ್ರ ಪುಸ್ತಕ ಕಿತ್ಕೋಬೇಡ, ನಿಂಗೆ ಪುಸ್ತಕ ಕಂಡ್ರೆ ಆಗಲ್ಲ ಅಂತ ನಂಗೊತ್ತು. ಬಾಯಿಗೆ ಹೋದ ಕಾರ್ನ್‌ಬ್ರೆಡ್ ಮಣ್ಣಾಯಿತು. ಆಗುವುದಿಲ್ಲ ಅಂತಲ್ಲ ಮಗನೇ, ಓದಲು ಬರುವುದಿಲ್ಲ. ಅಷ್ಟನ್ನು ಹೇಳದೆ ಇನ್ನೊಂದು ತುಂಡು ಮುರಿದುಕೊಂಡೆ. ಆರು ವರ್ಷದವನಿದ್ದಾಗ ಅವನ ಹೆಬ್ಬೆರಳು, ಒಂದು ಪದದ ಕೆಳಗೆ ಒತ್ತಿಕೊಂಡಿತ್ತು, ಅಪ್ಪ ಇದೇನು ಪದ, ಹೇಳು, ಇದೇನು — ನಂಗೆ ಹೊತ್ತಿಲ್ಲ ಅಂತ ಗದರಿ ಪುಸ್ತಕವನ್ನು ಪಟ್ಟಂತ ಮುಚ್ಚಿದೆ, ಗಟ್ಟಿ ರಟ್ಟಿನ ಪುಸ್ತಕ, ಬೆರಳು ಒಳಗೇ ಉಳಿದಿತ್ತು.

ಮುಚ್ಚಬೇಕಾದದ್ದು ಪುಸ್ತಕವನ್ನಲ್ಲ, ನನ್ನ ಗುಟ್ಟನ್ನು. ಮೂವತ್ತನಾಲ್ಕು ವರ್ಷ ಟೈರ್ ಕಾರ್ಖಾನೆಯಲ್ಲಿ ಕನ್ನಡಕ ಮನೇಲಿ ಮರೆತೆ ಅನ್ನುತ್ತಲೇ ದಾಟಿದೆ, ನನಗೆ ಕನ್ನಡಕವೇ ಇರಲಿಲ್ಲ. ಚರ್ಚಿನಲ್ಲಿ ಇನ್ನೂ ಸಲೀಸು, ಹಾಡಿನ ಪುಸ್ತಕ ಕೈಯಲ್ಲಿ ಬಿಚ್ಚಿ ಹಿಡಿದು ಒಂದೊಂದು ಸಾಲು ಕೂಗುತ್ತೇನೆ, ಸಭೆ ಅದೇ ಸಾಲನ್ನು ಎಳೆದು ಎಳೆದು ಹಾಡುತ್ತದೆ, ಓದು ಕಲಿತರೆ ಚಾಟಿ ಬೀಳುತ್ತಿದ್ದ ಗುಲಾಮ ಮುತ್ತಜ್ಜಂದಿರ ಕಾಲದ ಪದ್ಧತಿ, ಆಗ ಸಭೆಗೆ ಓದು ಬರುತ್ತಿರಲಿಲ್ಲ, ಈಗ ಕೂಗುವವನಿಗೇ ಬರುವುದಿಲ್ಲ, ಎಲ್ಲ ಬಾಯಿಪಾಠ. ಗೊತ್ತಿದ್ದದ್ದು ವರ್ಡೆಲ್ ಒಬ್ಬಳಿಗೆ, ಕಟ್ಟಿಕೊಂಡವಳಿಗೆ ಏನು ಮುಚ್ಚುವುದು, ಈಸ್ಟರ್ ಕಳೆದ ಮರುದಿನವೇ ಅಡಿಗೆಮನೆಯ ಮೇಜಿನ ಮೇಲೆ ಪೆನ್ಸಿಲ್ ತಂದಿಟ್ಟಳು, ಕೂತ್ಕೋ ಮುದುಕಾ, ನಾಚ್ಕೊಳ್ಳೋಕೆ ಇಲ್ಲಿ ಯಾರಿದಾರೆ. ಒಂದೂವರೆ ತಿಂಗಳಲ್ಲಿ ಅಕ್ಷರ ಕೈಗೆ ಸಿಕ್ಕವು, ಸಣ್ಣ ಪದ ಸಿಕ್ಕವು, ಉದ್ದದವು ಇನ್ನೂ ಮೀನಿನಂತೆ ಜಾರುತ್ತವೆ. ಆದರೂ ಮೋಸದ ಬುದ್ಧಿ ಎಲ್ಲಿ ಹೋಗುತ್ತದೆ, ಲೆಕ್ಕ ಹಾಕಿದೆ, ಹೋದ ವಾರ ಓದು ನಿಂತದ್ದು ಮೂವತ್ತೇಳಕ್ಕೆ, ಹೆಸರು ಬರೆಸಿದ ಸಾಲಿನಲ್ಲಿ ನನ್ನ ಮುಂದೆ ಮೂವರು, ನನಗೆ ಬರುವುದು ನಲವತ್ತೊಂದು, ಅದೇ ಪುಸ್ತಕವನ್ನು ಲೈಬ್ರರಿಯಿಂದ ತಂದು ಒಂದು ವಾರ ವರ್ಡೆಲ್ ಓದಿದಳು, ಒಂದು ವಾರದಲ್ಲಿ ಪೂರ್ತಿ ಪುಟ ನುಂಗಿದೆ, ರೈಲು ಕಂಬಿ ಹಾಕುವವನೊಬ್ಬ ತನ್ನ ಕಥೆ ತಾನೇ ಹೇಳುವ ಪುಸ್ತಕ, ನಿದ್ದೆಯಲ್ಲಿ ಎಬ್ಬಿಸಿದರೂ ಹೇಳಬಲ್ಲೆ. ಆದರೆ ನನಗಿಂತ ಮೊದಲು ಕುರ್ಚಿಗೆ ಕೂತ ಈ ಪಾದ್ರಿ ಗೇಂಟ್! ಪಾದ್ರಿಗೆ ಮಾತಿಗೆ ಜಾಗ ಕೊಟ್ಟರೆ ಮುಗಿಯಿತು, ಒಂದು ಪುಟ ಮುಗಿಸಿ ಕೈಬೀಸಿ ಇನ್ನೊಂದಕ್ಕೂ ನುಗ್ಗಿದರು, ತಡೆಯುವವರು ಯಾರು, ಆಮೆನ್ ಅಂದವನೂ ನಾನೇ. ಪಾದ್ರಿಗಳು ನಿನ್ ಪುಟಾನೂ ಉಂಡು ಕೈ ತೊಳ್ಕೊಂಡ್ರು ಡೀಕನ್, ನಿಂದೀಗ ನಲವತ್ತೆರಡು, ಶುರು ಹಚ್ಕೋ, ಕ್ಲೀಟಸ್ ಪುಸ್ತಕವನ್ನು ನನ್ನ ಕೈಗೆ ತುರುಕಿದ, ಎಲ್ಲರೂ ನಕ್ಕರು, ಲಮಾರ್ ನಗಲಿಲ್ಲ.

ಕನ್ನಡಕ ಮರೆತೆ. ಎರಡೇ ಪದ, ಸಾಕು, ನಾಲಿಗೆಯ ತುದಿಯಲ್ಲಿ ಬಂದು ಕೂತಿವೆ, ಅಂದುಬಿಟ್ಟರೆ ನಾಳೆ ಭಾನುವಾರವೂ ನಾನು ಡೀಕನ್ನೇ, ಮರ್ಯಾದೆ ಉಳಿಯುತ್ತದೆ, ಆದರೆ ಮಗ ಆ ಈಸ್ಟರ್ ಮಾತನ್ನೇ ಹೊತ್ತು ಮನೆಗೆ ಹೋಗುತ್ತಾನೆ, ಕೂಸು ಹುಟ್ಟುತ್ತದೆ, ಅಜ್ಜನ ಹತ್ತಿರ ಪುಸ್ತಕ ಒಯ್ಯಬೇಡ ಅಂತ ಅದಕ್ಕೂ ಹೇಳಿಕೊಡುತ್ತಾನೆ. ಇಲ್ಲ. ಮರ್ಯಾದೆ ಹೋದರೆ ಇವತ್ತೇ ಹೋಗಲಿ, ಇವನ ಕಣ್ಣೆದುರೇ ಹೋಗಲಿ. ಬಟ್ಟೆಯ ಕೆಳಗಿಂದ ಇನ್ನೊಂದು ಕೈಯನ್ನೂ ಹೊರಗೆ ತೆಗೆದು ಪುಸ್ತಕ ಬಿಚ್ಚಿದೆ. ಪುಟದ ಮೊದಲ ಪದ, ನನ್ನ — ಅಪ್ಪ — ಮೆಷಿನ್ ಹೊರಟಿತು, ಯಾವತ್ತೂ — ಮೆಷಿನ್ ನಿಂತಿತು. ಅರ್ಧ ತಲೆ ತಣ್ಣಗಿದೆ. ಪಾದ್ರಿಗೆ ನನ್ನ ಗುಟ್ಟೆಲ್ಲ ತಿಳಿದುಹೋಯಿತು, ಮುಖವೇ ಹೇಳುತ್ತಿದೆ, ಹನ್ನೆರಡು ವರ್ಷ ನನ್ನ ಪಕ್ಕ ನಿಂತು ಹಾಡಿದ ಮನುಷ್ಯ, ತಿಳಿಯಲಿ, ನಾನು ಬಿಡುವುದಿಲ್ಲ, ಮುಂದಿನ ಪದ, ಅಕ್ಷರಕ್ಕೆ ಅಕ್ಷರ ಕೂಡಿಸು, ನನ್ನ ಅಪ್ಪ ಯಾವತ್ತೂ ಸಿಟ್ಟಿನ — ಆಗ ಪಾದ್ರಿಯ ಗಂಟಲು, ಮೆಲ್ಲಗೆ, ಎಳೆದು ಎಳೆದು, ನನ್ನ ಅಪ್ಪ ಯಾವತ್ತೂ ಸಿಟ್ಟಿನ, ಹಿಂದೆಯೇ ಕ್ಲೀಟಸ್, ಹಿಂದೆಯೇ ಬೆಂಚಿನ ಮೇಲಿದ್ದವರೆಲ್ಲ, ಭಾನುವಾರ ನಾನು ಕೂಗಿದ ಸಾಲನ್ನು ಎತ್ತಿಕೊಳ್ಳುವ ಹಾಗೆಯೇ ಎತ್ತಿಕೊಂಡರು, ಒಬ್ಬರೂ ನನಗಿಂತ ಒಂದು ಪದ ಮುಂದೆ ಹೋಗಲಿಲ್ಲ, ದೇವರೇ, ಒಂದು ಪದವೂ. ಅವರು ಹಾಡುವಷ್ಟು ಹೊತ್ತಿನಲ್ಲಿ ನಾನು ಮುಂದಿನದನ್ನು ಕೂಡಿಸಿದೆ, ಮನುಷ್ಯ ಆಗಿರಲಿಲ್ಲ, ಅವರೆಂದರು ಮನುಷ್ಯ ಆಗಿರಲಿಲ್ಲ, ಮೆಷಿನ್ ಮತ್ತೆ ನೆತ್ತಿಯ ಮೇಲೆ ಗುಂಯ್ಗುಟ್ಟಿತು, ನಾನೆಂದೆ ಅವನು ಬರೀ — ಬರೀ — ಆಮೇಲೆ ಉದ್ದದ ಪದವೊಂದು, ಕಣ್ಣಿಗೆ ಮಂಜು, ಅಕ್ಷರಗಳು ಜಾರುತ್ತಿವೆ, ಕುರ್ಚಿಯ ಪಕ್ಕ ಯಾರೋ ಮಂಡಿಯೂರಿದರು, ಹೊತ್ತಿದೆ ಅಪ್ಪ, ನಿಧಾನವಾಗಿ ಓದು, ಹೊತ್ತಿದೆ, ಪುಟದ ಮೇಲೊಂದು ಹೆಬ್ಬೆರಳು ಬಂದು ಆ ಪದದ ಕೆಳಗೆ ನಿಂತಿತು, ದೊಡ್ಡ ಗಂಡಸಿನ ಹೆಬ್ಬೆರಳು, ನಾನು ಪುಸ್ತಕವನ್ನು ಇನ್ನಷ್ಟು ಅಗಲಕ್ಕೆ ಬಿಚ್ಚಿ ಹಿಡಿದೆ, ಬೆರಳು ಕದಲಲಿಲ್ಲ, ಅದರ ಉಗುರು, ಇಪ್ಪತ್ತೈದು ವರ್ಷವಾದರೂ ನೆಟ್ಟಗಾಗದೆ ಸೊಟ್ಟಗೇ ಬೆಳೆದ ಆ ಉಗುರು