ಹಿಂದಿನ ಸೀಟಿನ ಚರ್ಮ

ಅತ್ತಿಗೆಯನ್ನು ಎಲ್ಲರೂ ಹೊಗಳುವಾಗ ನನ್ನ ಮುಖ ಹೇಗೆ ಕಾಣುತ್ತದೋ ಎಂಬುದು ಈಚೆಗೆ ನನ್ನ ಸಣ್ಣ ಚಿಂತೆ. ನಗುತ್ತಿದ್ದೇನೆ ಅಂತಲೇ ಅಂದುಕೊಂಡಿರುತ್ತೇನೆ. ಮೊನ್ನೆ ಮಾತ್ರ, ಒರೆಸುತ್ತಿದ್ದ ಹಳೆ ಕಾರಿನ ಹಿತ್ತಾಳೆ ದೀಪದ ಬೆನ್ನಲ್ಲಿ ಅದು ಕಂಡುಬಿಟ್ಟಿತು. ಕಹಿ ಔಷಧಿ ನುಂಗಿದವರ ಹಾಗಿತ್ತು. ದುಂಡಗಿನ ಹಿತ್ತಾಳೆಯಲ್ಲಿ ಎಂಥ ಮುಖವೂ ಸೊಟ್ಟಗೇ ಕಾಣುತ್ತದೆಂದು ಡೈರಿಯಲ್ಲಿ ಬರೆದು ಸಮಾಧಾನ ಮಾಡಿಕೊಂಡೆ.

ನಮ್ಮದು ಹಳೆಯ ಕಾರುಗಳನ್ನು ಮೊದಲಿದ್ದಂತೆ ಮಾಡಿಕೊಡುವ ಶೆಡ್ಡು. ಅಪ್ಪನದು ತಗಡಿನ ಕೆಲಸ, ಅಣ್ಣನದು ಎಂಜಿನ್. ಇತಿಹಾಸದಲ್ಲಿ ಪದವಿ ಮುಗಿಸಿದ ನಾನು ಮೂಲೆಯ ಮೇಜಿನಲ್ಲಿ ಕೂತು, ಹಳೆಯ ಫೋಟೊ, ಕ್ಯಾಟಲಾಗು ತಿರುವಿ, ಯಾವ ಕಾರಿಗೆ ಎಂಥ ಹಿಡಿ ಇತ್ತು, ಎಂಥ ಪರದೆ ಇತ್ತು ಎಂದು ಹುಡುಕಿ ಕೊಡುತ್ತೇನೆ. ಅತ್ತಿಗೆ ಹೊಲಿಗೆ ಬಲ್ಲವಳು. ಮದುವೆಯಾಗಿ ಬಂದ ಮೇಲೆ ಸೀಟು ಹೊಲಿಯುವ ಕೆಲಸ ಅವಳ ಪಾಲಿಗೆ ಬಂತು. ಹಿಂದೆಯೇ ಅಪ್ಪನೂ ಅವಳ ಪಾಲಾದರು. ಎದುರಿಗೆ ನಾನವಳಿಗೆ ‘ನೀವು’ ಎನ್ನುತ್ತೇನೆ; ‘ಅವಳು’ ಎಂಬುದೆಲ್ಲ ಡೈರಿಯಲ್ಲಿ.

ಈ ಕಾರುಗಳ ಕಾಲದ ಸಿರಿವಂತರು ಕಾರನ್ನು ಇಡಿಯಾಗಿ ಕೊಳ್ಳುತ್ತಿರಲಿಲ್ಲ. ಕಾರ್ಖಾನೆಯಿಂದ ಬರುತ್ತಿದ್ದದ್ದು ಎಂಜಿನ್ನು, ಚಕ್ರ, ಚೌಕಟ್ಟು ಅಷ್ಟೆ. ಮೇಲಿನ ಬಾಡಿಯನ್ನು ಬೇರೆ ಕಡೆ ಹೇಳಿ ಮಾಡಿಸಬೇಕಿತ್ತು. ಇದನ್ನು ನಾನು ಅಪ್ಪನಿಗೆ ಪುಟಗಟ್ಟಲೆ ಬರೆದುಕೊಟ್ಟಿದ್ದೆ. ಅವರು ಮಡಿಸಿ ಜೇಬಿಗೆ ಹಾಕಿಕೊಂಡಿದ್ದರು. ಅತ್ತಿಗೆ ಕೇಳಿದ್ದು ಒಂದೇ ಮಾತು: “ಅಂದ್ರೆ ಬಟ್ಟೆ ತಗೊಂಡು ದರ್ಜಿ ಹತ್ರ ಹೋದ ಹಾಗೆ, ಅಲ್ವಾ ಮಾವ?” ಅಪ್ಪ ಸುತ್ತಿಗೆ ಕೆಳಗಿಟ್ಟು ನಕ್ಕರು. ಅಂದಿನಿಂದ ಶೆಡ್ಡಿಗೆ ಬಂದವರಿಗೆಲ್ಲ, “ನಮ್ಮ ಸೊಸೆ ಏನು ಹೇಳ್ತಾಳೆ ಗೊತ್ತಾ” ಅಂತಲೇ ಶುರು. ನನ್ನ ಪುಟಗಳು ಜೇಬಿನಲ್ಲೇ ಒಗೆತಕ್ಕೆ ಹೋದವು.

ಈಗ ಬಂದಿರುವುದು ಟೌನ್ ಕಾರು. ಮುಂದೆ ಚಾಲಕನ ತಲೆಯ ಮೇಲೆ ಚಾವಣಿಯಿಲ್ಲ, ಪಕ್ಕದಲ್ಲಿ ಗಾಜಿಲ್ಲ. ಬಿಸಿಲು, ಮಳೆ ಎಲ್ಲ ಅವನಿಗೇ. ಹಿಂದೆ ಯಜಮಾನರಿಗೊಂದು ಪುಟ್ಟ ಕೋಣೆ. ಗಾಜಿನ ಕಿಟಕಿಗೆ ರೇಷ್ಮೆ ಪರದೆ, ಹೂವಿಡಲು ಗಾಜಿನ ಕೊಳವೆ, ಚಾಲಕನಿಗೆ ಅಪ್ಪಣೆ ಕೊಡಲು ಮಾತಿನ ನಳಿಗೆ. ಇಬ್ಬರ ನಡುವೆ ಗಾಜಿನ ಗೋಡೆ.

“ನಿಮ್ಮಣ್ಣ ಮುಂದೆ, ನಾನು ಹಿಂದೆ. ಇದೇ ಸರಿಯಾದ ಏರ್ಪಾಡು ಕಣೆ. ಗೊರಕೆ ಕೇಳ್ಸಲ್ಲ,” ಎಂದಳು ಅತ್ತಿಗೆ. ಅಣ್ಣನೂ ನಕ್ಕ. ನನಗೂ ನಗು ಬಂತು, ತಡೆದುಕೊಂಡೆ.

ಕಾರಿನ ಮಾಲೀಕರು ಹದ ಮಾಡಿದ ಕಪ್ಪು ಚರ್ಮ ಮತ್ತು ಬೂದು ಉಣ್ಣೆ ಬಟ್ಟೆಯ ಒಂದು ಸುರುಳಿ ಕಳಿಸಿದರು. ಕಾರು ಪ್ರದರ್ಶನಕ್ಕೆ ಹೋಗಬೇಕು. ಅಲ್ಲಿ ತೀರ್ಪುಗಾರರು ಒಂದೊಂದು ಮೊಳೆಯನ್ನೂ ಬಿಡದೆ ನೋಡುತ್ತಾರೆ, ಮೂಲದಂತಿಲ್ಲದಿದ್ದರೆ ಹೊರಗೆ. ಕತ್ತರಿಸಿ ಕೆಟ್ಟರೆ ಅಂಥ ಚರ್ಮ ಮತ್ತೆ ಬೇಗ ಸಿಗುವುದೂ ಇಲ್ಲ.

“ಚರ್ಮ ಯಜಮಾನ್ರಿಗೆ, ಬಟ್ಟೆ ಡ್ರೈವರಿಗೆ,” ಎಂದಳು ಅತ್ತಿಗೆ, ಇದರಲ್ಲಿ ಕೇಳುವುದೇನಿದೆ ಎಂಬಂತೆ. ಅಪ್ಪ ಅದುವರೆಗೆ ಮಾಡಿದ್ದೆಲ್ಲ ತೆರೆದ ಕಾರುಗಳು. ಅವಕ್ಕೆ ಎಲ್ಲ ಸೀಟೂ ಚರ್ಮದ್ದೇ. ಅವರೂ ಸರಿ ಎಂದರು.

ಅದು ತಿರುಗುಮುರುಗು ಎಂದು ನನಗೆ ಗೊತ್ತಿತ್ತು. ಆಗ ಚರ್ಮವೆಂದರೆ ಮಳೆಗೆ ನೆನೆದರೂ ಒರೆಸಿಬಿಡಬಹುದಾದ ವಸ್ತು, ಚಾಲಕನ ಪಾಲಿನದು. ಯಜಮಾನರಿಗೆ ಬೇಕಿದ್ದದ್ದು ಬೆಚ್ಚಗಿನ, ಜಾರದ, ಕೂತರೆ ಕಿರುಗುಟ್ಟದ ಉಣ್ಣೆ. ಹಿಂದಿನ ಸೀಟಿನ ಮರದ ಚೌಕಟ್ಟನ್ನು ಉಜ್ಜುವಾಗ, ಮೊಳೆಯೊಂದರ ತಲೆಯಡಿ ಹಳೆಯ ಬೂದು ಉಣ್ಣೆಯ ಎಳೆ ಸಿಕ್ಕಿಕೊಂಡಿದ್ದನ್ನು ನೋಡಿಯೂ ಇದ್ದೆ.

ಹೇಳಲಿಲ್ಲ. ಬಾಯಿಯವರೆಗೆ ಬಂದದ್ದನ್ನು ನುಂಗಿದೆ. ನುಂಗಿದ್ದು ಸಿಹಿಯಾಗಿತ್ತು. ತೀರ್ಪುಗಾರರು ಹುಬ್ಬು ಗಂಟಿಕ್ಕುವುದು, ಅತ್ತಿಗೆಯ ಬಾಯಿ ಕಟ್ಟುವುದು, ಅಪ್ಪ ನನ್ನತ್ತ ತಿರುಗಿ “ಪುಟ್ಟೀ, ನಿನ್ನ ಕೇಳ್ಬೇಕಿತ್ತು” ಎನ್ನುವುದು. ಮಲಗುವವರೆಗೂ ಇದನ್ನೇ ಮತ್ತೆ ಮತ್ತೆ ಕಲ್ಪಿಸಿಕೊಂಡೆ.

ಮರುದಿನ ಬೆಳಿಗ್ಗೆ ಅತ್ತಿಗೆ ಉದ್ದ ಮೇಜಿನ ಮೇಲೆ ಚರ್ಮ ಹಾಸಿ, ಸೀಮೆಸುಣ್ಣದಲ್ಲಿ ಗೆರೆ ಎಳೆದಳು. ಕತ್ತರಿ ಎತ್ತಿಕೊಂಡವಳು ತಡೆದಳು.

“ಪುಟ್ಟೀ, ಒಂದ್ಸಲ ನೋಡ್ಬಿಡೆ. ಇದು ಹಿಂದಿನ ಸೀಟಿಗೇ ತಾನೆ?”

ಅಪ್ಪನೂ ತಲೆಯೆತ್ತಿದರು. ನಾನು ತಲೆಯಾಡಿಸಿದೆ. ಹೌದೆಂದೇ ಆಡಿಸಿದೆ.

“ಇನ್ನೊಂದ್ಸಲ ವಿಚಾರ್ಸಿ ಕತ್ತರ್ಸು,” ಎಂದ ಅಣ್ಣ, ಎಂಜಿನ್ನಿನ ಆಚೆಯಿಂದ.

“ಅವಳು ಹೂಂ ಅಂದ್ಮೇಲೆ ಇನ್ನೇನ್ರೀ ವಿಚಾರ್ಸೋದು?”

“ಅದೂ ಸರಿ,” ಎಂದು ಅಪ್ಪ ಮತ್ತೆ ತಗಡಿಗೆ ಬಾಗಿದರು.

ಅಷ್ಟೆ. ಯಾರೂ ನನ್ನನ್ನು ಮತ್ತೆ ನೋಡಲಿಲ್ಲ, ನೋಡುವ ಅಗತ್ಯವೇ ಅವರಿಗಿರಲಿಲ್ಲ. ಇಷ್ಟು ದಿನ ನಾನು ಯಾವ ನಂಬಿಕೆಗಾಗಿ ಒಳಗೊಳಗೇ ಬೇಯುತ್ತಿದ್ದೆನೋ ಅದು ನನಗೆ ಇದ್ದೇ ಇತ್ತು. ಅದನ್ನು ಈಗಷ್ಟೇ ಒಂದು ಸುಳ್ಳಿಗೆ ಬಳಸಿಕೊಂಡಿದ್ದೆ. ಕತ್ತರಿ ಬಾಯಿ ತೆರೆಯಿತು. ನಾನು ಹೋಗಿ ಗೆರೆಯ ಮೇಲೆ ಅಂಗೈ ಇಟ್ಟೆ.

“ಕೈ ತೆಗಿಯೇ, ಬೆರಳು ಹೋಗತ್ತೆ. ಆಮೇಲೆ ನಿನ್ನ ಕಟ್ಕೊಳ್ಳೋನು ನನ್ನ ಕೇಳ್ತಾನೆ.”

“ಇದು ಡ್ರೈವರ್ ಸೀಟಿಗೆ,” ಎಂದೆ. “ಉಣ್ಣೆ ಹಿಂದಕ್ಕೆ. ಆಗ ಹಾಗೇ ಇದ್ದದ್ದು.”

ಅಪ್ಪನ ಸುತ್ತಿಗೆ ನಿಂತಿತು. ಅತ್ತಿಗೆ ಯಾಕೆ, ಏನು ಎಂದು ಕೇಳಲೇ ಇಲ್ಲ. ಕತ್ತರಿ ಇಟ್ಟು, ಒದ್ದೆ ಬಟ್ಟೆಯಲ್ಲಿ ಗೆರೆಯನ್ನೆಲ್ಲ ಒರೆಸಿದಳು. ಆಮೇಲೆ ನನ್ನ ಮುಖ ನೋಡಿದಳು.

“ಮತ್ತೆ ಈಗ ತಾನೆ ಹೂಂ ಅಂದ್ಯಲ್ಲೇ. ಮರ್ತಿದ್ಯಾ?”

ಸಿಟ್ಟಿರಲಿಲ್ಲ ಆ ಮಾತಲ್ಲಿ. ನೆಪವನ್ನು ಅವಳೇ ನನ್ನ ಕೈಗಿಟ್ಟಿದ್ದಳು, ಹೂಂ ಎಂದರೆ ಮುಗಿಯುತ್ತಿತ್ತು. ಅಪ್ಪ ನೋಡುತ್ತಿದ್ದರು. ಅಣ್ಣ ಕೈ ಒರೆಸಿಕೊಳ್ಳುತ್ತ ಈಚೆ ಬಂದ.

“ಮರ್ತಿರ್ಲಿಲ್ಲ ಅತ್ತಿಗೆ. ನಿಮ್ಮನ್ನ ಕಂಡ್ರೆ ನಂಗೆ ಹೊಟ್ಟೆಕಿಚ್ಚು.”