ಗ್ಯಾಸ್ ನೋಡುವ ಮಷಿನ್

ನಮ್ಮ ಮನೆಯಲ್ಲಿ ಯಾರೂ ಎದೆನೋವು ಎನ್ನುವುದಿಲ್ಲ. ಗ್ಯಾಸ್ ಎನ್ನುತ್ತಾರೆ. ನನ್ನ ಗಂಡ ಯೋಗೀಶ ಮೂವತ್ತಾರನೇ ವಯಸ್ಸಿಗೆ ಹೋದದ್ದೂ ಗ್ಯಾಸಿನಿಂದಲೇ ಎಂದು ಇವತ್ತಿಗೂ ಹೇಳುತ್ತಾರೆ.

ಅತ್ತೆ ಬಸಲಿಂಗಮ್ಮ ಸಾವು ಕಾಣದವರೇನಲ್ಲ. ಅವರ ಮೊದಲ ಮಗುವನ್ನು ದಡಾರ ಒಯ್ದಿತು, ತಂಗಿಯನ್ನು ಹೆರಿಗೆ, ಭಾವನನ್ನು ವಾಂತಿಭೇದಿ. ಈಗ ಅವು ಯಾವುವೂ ಹಾಗೆ ಮನೆ ಹೊಗುವುದಿಲ್ಲ. ಆದ್ದರಿಂದ ಹರೆಯದವರು ಸಾಯುವ ಕಾಲವೇ ಮುಗಿಯಿತೆಂದು ಅವರ ನಂಬಿಕೆ. ಹಾರ್ಟಿನ ರೋಗ ಮುದುಕರಿಗೆ, ಕಾರಿನಲ್ಲಿ ಓಡಾಡುವವರಿಗೆ.

ಮೈದುನ ವಾಗೀಶ್ ಇಲ್ಲೇ ರಾಯದುರ್ಗದಲ್ಲಿ ಜೀನ್ಸ್ ಹೊಲಿಸುತ್ತಾನೆ. ಕಳೆದ ತಿಂಗಳು ಮಧ್ಯಾಹ್ನ ಊಟಕ್ಕೆ ಬಂದವನು ತಟ್ಟೆ ಸರಿಸಿ ಎದೆ ಉಜ್ಜಿಕೊಂಡ. ಎಡಗೈ ಜೋಮು ಹಿಡಿದಿದೆ ಎಂದ. ಹಣೆಯ ತುಂಬ ಬೆವರು.

"ದವಾಖಾನಿಗೆ ನಡಿ ವಾಗೀಶ. ಇದು ಹಾರ್ಟು" ಎಂದೆ.

"ನಿಮಗ ಎಲ್ಲಾ ಹಾರ್ಟೇ ಕಾಣ್ತತಿ ಅತ್ತಿಗಿ. ನಿನ್ನಿ ಮೆಣಸಿನಕಾಯಿ ಬಜಿ ತಿಂದೀನಿ. ಗ್ಯಾಸು."

ಅತ್ತೆ ಸೋಡಾ ಬಾಟಲಿ ಹಿಡಿದು ಬಂದರು. "ಬಿಡ್ತು ಅನ್ನು ಸುಮಾ! ಒಬ್ಬ ಮಗನ್ನ ಮಣ್ಣಿಗಿಟ್ಟೀನಿ, ಇನ್ನೊಬ್ಬಗೂ ಹಾರ್ಟು ಅಂತೀಯಲ್ಲ. ಓದಿದೋರ ಬಾಯಾಗ ಒಳ್ಳೇದು ಬರಂಗೇ ಇಲ್ಲೇನು?"

ಯೋಗೀಶನಿಗೂ ನಾನು ಇದನ್ನೇ ಹೇಳಿದ್ದೆ. ಅವನೂ ನಕ್ಕಿದ್ದ, ಅತ್ತೆ ಆಗಲೂ ಬಿಡ್ತು ಅನ್ನಿಸಿದ್ದರು. ಸೋಡಾ ಕುಡಿದು ಮಲಗಿದವನು ಏಳಲಿಲ್ಲ.

ವಾಗೀಶ್ ಸೋಡಾ ಕುಡಿದು ಜೋರಾಗಿ ತೇಗಿದ. "ನೋಡ್ರಿ, ಹೋತು" ಎಂದು ಎದ್ದವನು ಗೋಡೆ ಹಿಡಿದ.

ಸರಿಯಾದ ಮಾತು ಹೇಳಿ ಹೇಳಿ ನನಗೆ ಸಾಕಾಗಿತ್ತು.

"ಹೌದು, ಗ್ಯಾಸೇ" ಎಂದೆ. "ದವಾಖಾನ್ಯಾಗ ಗ್ಯಾಸ್ ನೋಡೋ ಮಷಿನ್ ಬಂದೈತಿ. ಎದಿಗೆ ವೈರ್ ಹಚ್ಚಿದ್ರ ಎಲ್ಲಿ ಸಿಕ್ಕೊಂಡೈತಿ ಅಂತ ಕಾಗದದ ಮ್ಯಾಲ ಬರ್ತತಿ."

ಅತ್ತೆ ಬಾಟಲಿ ಕೆಳಗಿಟ್ಟರು. "ಅದನ್ನ ಮೊದ್ಲೇ ಹೇಳಬಾರದೇನವ್ವ? ನಡಿಯೋ ವಾಗೀಶ. ಸುಮಾ, ಆಟೋ ಕರಿ."

ಇಸಿಜಿ ಕಾಗದ ನೋಡಿದ ಡಾಕ್ಟರು ಮಾತ್ರೆ ನುಂಗಿಸಿ, ಕೂಡಲೇ ಆಂಬ್ಯುಲೆನ್ಸಿನಲ್ಲಿ ಬಳ್ಳಾರಿಗೆ ಕಳಿಸಿದರು. ಅಲ್ಲಿ ಮುಚ್ಚಿಹೋಗಿದ್ದ ರಕ್ತನಾಳ ತೆರೆದು ಸ್ಟೆಂಟ್ ಹಾಕಿದರು. ವಾಗೀಶ್ ಉಳಿದ.

ನೋಡಲು ಬಂದವರಿಗೆಲ್ಲ ಅತ್ತೆ ಹೇಳಿದ್ದು ಒಂದೇ. "ಗ್ಯಾಸು ನರದಾಗ ಸಿಕ್ಕೊಂಡಿತ್ರಿ. ಪೈಪ್ ಹಾಕಿ ತಗದ್ರು." ಬಂದವರು ತಲೆಯಾಡಿಸಿ, ತಮ್ಮ ತಮ್ಮ ಗ್ಯಾಸಿನ ಕಥೆ ತೆಗೆದರು. ನಾನು ತಿದ್ದಲು ಹೋದರೆ ವಾಗೀಶ್ ಹಾಸಿಗೆಯಿಂದಲೇ, "ಬಿಡ್ರಿ ಅತ್ತಿಗಿ, ಹೊಟ್ಟ್ಯಾಗಿಂದೋ ಎದ್ಯಾಗಿಂದೋ, ಹೋತಲ್ಲ" ಎಂದ. ಎಲ್ಲರೂ ನಕ್ಕರು.

ನಿನ್ನೆ ಮನೆ ಖಾಲಿಯಾದ ಮೇಲೆ ಅತ್ತೆ ನನ್ನ ಪಕ್ಕ ಬಂದು ಕುಳಿತರು.

"ಆ ಮಷಿನ್ ನಿನಗ ಗೊತ್ತಿತ್ತಲ್ಲವ್ವ. ನನ್ನ ಯೋಗೀಶನ್ನ ಯಾಕ ಕರ್ಕೊಂಡು ಹೋಗಲಿಲ್ಲ?"

ಅವತ್ತೂ ಹಾರ್ಟು ಅಂತ ಹೇಳಿದ್ದೆ, ನೀವು ಬಿಡ್ತು ಅನ್ನಿಸಿದಿರಿ ಎನ್ನಬಹುದಿತ್ತು.

"ಆವಾಗ ಬಂದಿದ್ದಿಲ್ಲರಿ ಅತ್ತಿ" ಎಂದೆ.